ನಾನು ತೆಗೆದಿಟ್ಟ ಬ್ಯಾಟರಿ

ನವೆಂಬರ್ ೮, ಶನಿವಾರ

ಮಗಳು ಕೊಡಿಸಿದ, ಬ್ಯಾಟರಿಯಿಂದ ಬಿಸಿಯಾಗುವ ಅಂಗಿ ತೊಟ್ಟು ನನ್ನ ಮುದುಕ ಗಂಡ ತಾವೆಟ್ಟಿ ಮೂಸ್ ಎಂಬ ದೊಡ್ಡ ಕಡವೆಯ ಬೇಟೆಗೆ ಹೋಗುತ್ತಾನೆ. ತಂಡದವರು ತೋರಿಸಿದ ಮರದಡಿ ಆರು ಗಂಟೆ ಅಲುಗಾಡದೆ ಕೂರಬೇಕಂತೆ. ಆದರೂ ದಿನವೂ ನಗುನಗುತ್ತ ಬರುತ್ತಾನೆ. ವಿಧವೆ ಲೆಂಪಿಯ ಅಡುಗೆಮನೆಯಲ್ಲಿ ಕಾಫಿ ಹೀರುತ್ತಾನೆಂದೇ ನನ್ನ ಗುಮಾನಿ. ಇವತ್ತು ಬೆಳಿಗ್ಗೆ ಕದ್ದು ಬ್ಯಾಟರಿ ತೆಗೆದಿಟ್ಟೆ. ಕಾಡಿನಲ್ಲೇ ಕೂತರೆ ನಡುಗಿಕೊಂಡು ಬರಲೇಬೇಕು.

ಸಂಜೆ ಬಂದ.

"ಅಂಗಿ ಹೆಂಗಿತ್ತು?"

"ಒಲೆ ಹೊದ್ಕೊಂಡಂಗಿತ್ತು ಕಣೇ ಸೈಮಿ!"

"ಯಾರ ಒಲೆ, ಲೆಂಪಿದಾ?"

ಅವನು ತಲೆ ತಗ್ಗಿಸಿ ಬೂಟು ಬಿಚ್ಚಲು ಕೂತ. ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ನಾನು ಬೂಟು ಎಳೆದರೆ ಬರಲಿಲ್ಲ, ಕಾಲುಚೀಲ ಒಳಗೇ ಹೆಪ್ಪುಗಟ್ಟಿತ್ತು. ಕಾಲ್ಬೆರಳುಗಳು ಮೇಣದ ಹಾಗೆ ಬಿಳುಚಿದ್ದವು.

"ಚಳಿ ಆಯ್ತು ಅಂದಿದ್ರೆ ನಾಳೆ ಬೇಟೆಗೆ ಕಳಿಸ್ತಿದ್ಯಾ ನೀನು?" ಅಂದ.

ಬ್ಯಾಟರಿಯನ್ನು ಮತ್ತೆ ಅಂಗಿಗೆ ಹಾಕಿದ್ದೇನೆ. ಅಂಗಿ ಬಿಸಿಯಾಗಲಿಲ್ಲವೆಂದು ಅವನು ಹೇಳಲಿಲ್ಲ. ತೆಗೆದವಳು ನಾನೇ ಎಂದು ನಾನೂ ಹೇಳಲಿಲ್ಲ.