ಅಪ್ಪಯ್ಯನ ಎಲೆಗೆ ಉದ್ದಿನ ವಡೆ

ಅಪ್ಪಯ್ಯ,

ನೀವು ಹೋಗಿ ಇವತ್ತಿಗೆ ವರ್ಷವಾಯಿತು. ಅಮ್ಮ ನಿಮಗೆ ಎಲೆ ಬಡಿಸಿದರು. ಉದ್ದಿನ ವಡೆಯನ್ನೂ ಮಾಡಿದ್ದರು.

ನಮ್ಮೂರು ನಾವುಂದದ ಗದ್ದೆಗಳಿಗೆಲ್ಲ ಹಳದಿ ರೋಗ ಬಂದಾಗಲೂ ನಿಮ್ಮ ಹಳೆಯ ಉದ್ದು ಹಸಿರಾಗಿಯೇ ನಿಲ್ಲುತ್ತಿತ್ತು. ಇಳುವರಿ ಮಾತ್ರ ಕಡಿಮೆ. ಅದನ್ನು ನಾನು ಹೆಚ್ಚು ಕಾಯಿ ಬಿಡುವ ಪೇಟೆಯ ತಳಿಯೊಂದಿಗೆ ಕೂಡಿಸಿದೆ. ಹುಟ್ಟಿದ ಗಿಡಗಳೆಲ್ಲ ಹಳದಿಯಾದವು.

"ಎಂತ ಮಾರಾಯ್ತಿ, ಇದ್ದ ಗುಣನೂ ಹೋಯ್ತಲ್ದಾ?" ಎಂದಿರಿ.

ಹೋಗಿಲ್ಲ, ಒಳಗೆ ಅಡಗಿದೆ, ಇವುಗಳ ಮಕ್ಕಳಲ್ಲಿ ನಾಲ್ಕಕ್ಕೊಂದು ಹಸಿರಾಗಿ ಬರುತ್ತದೆ ಎಂದೆ.

"ಆಯ್ತ್, ಬಪ್ಪ ವರ್ಷ ಕಾಂಬ" ಎಂದು ಮುಂದಿನ ಬೆಳೆಗೆ ಬಿಟ್ಟಿರಿ.

ಆಮೇಲೆ ನೀವು ಆಸ್ಪತ್ರೆ ಸೇರಿದಿರಿ. ಬಿಸಿಲಿಗೆ ಹಾಕುವವರಿಲ್ಲದೆ ನಿಮ್ಮ ಹಳೆಯ ಬೀಜವೆಲ್ಲ ಹುಳ ಹಿಡಿದು ಹೋಯಿತು. ಆದರೆ ಆ ಹಳದಿ ಗಿಡಗಳಿಂದ ನಾನು ಎತ್ತಿಟ್ಟಿದ್ದ ಬೀಜ ಬಿತ್ತಿದಾಗ ಈ ವರ್ಷ ಗದ್ದೆಯಲ್ಲಿ ಹಸಿರು ಗಿಡಗಳು ನಿಂತವು ಅಪ್ಪಯ್ಯ, ನಾನು ಹೇಳಿದ ಹಾಗೆಯೇ! ಹಳದಿಯಾದವನ್ನು ನೀವು ಕಲಿಸಿದಂತೆ ಕಿತ್ತು ಸುಟ್ಟೆ. ಹಸಿರು ಗಿಡಗಳ ಕಾಳನ್ನಷ್ಟೂ ಮುಂದಿನ ಬಿತ್ತನೆಗೆಂದು ಬೂದಿ ಸವರಿ, ನಿಮ್ಮದೇ ಭರಣಿಯಲ್ಲಿ ತುಂಬಿ, ಅಡುಗೆಮನೆಯ ಅಟ್ಟದಲ್ಲಿಟ್ಟಿದ್ದೆ.

ಇವತ್ತು ವಡೆ ಎಷ್ಟು ಚೆನ್ನಾಗಿ ಉಬ್ಬಿದೆ ಎಂದು ಅಮ್ಮನಿಗೆ ಹೇಳಿದೆ.

"ಅಂಗ್ಡಿ ಉದ್ದಲ್ಲ ಮಗಾ. ಅಪ್ಪಯ್ಯಂಗೆ ನಮ್ ಗದ್ದೀದೇ ಆಯ್ಕ್. ಭರಣೀಲಿದ್ದದ್ ಪೂರಾ ನೆನ್ಸಿ ಕಡ್ದೆ."

ಕಾಗೆ ಬೇಗ ಬಂತು. ಅದು ವಡೆ ಕಚ್ಚಿಕೊಂಡು ಹಾರಿದಾಗ ಅಮ್ಮ ಕಣ್ಣೊರೆಸಿಕೊಂಡು ನಕ್ಕರು. ನೀವು ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನ್ನ ಎಲೆಗೂ ಒಂದು ವಡೆ ಹಾಕಿದರು.

ಇನ್ನೊಂದನ್ನು ನಾನೇ ಕೇಳಿ ಹಾಕಿಸಿಕೊಂಡೆ.