ಇಪ್ಪತ್ತನೆಯ ಕರಿ ಗೋಲಿ

ನವೆಂಬರ್ ೧೧, ಸೋಮವಾರ. ಬೆಳಗ್ಗೆ

ಕರೆ ಕಾಗದ ಹದಿಮೂರೂ ಪೋಸ್ಟ್ ಆಯಿತು, ನನಗೆ ನಾನೇ ಬರೆದುಕೊಂಡದ್ದೂ ಸೇರಿ. ಅಂಚೆಚೀಟಿ ನೆಕ್ಕಿ ನಾಲಿಗೆಯೆಲ್ಲ ಗೋಂದು. "ಫೋನಲ್ಲಿ ಒಂದು ಮೆಸೇಜ್ ಹಾಕಿದ್ರೆ ಏನ್ರೀ ಗಂಟು ಹೋಗತ್ತೆ?" ಅಂದಳು ಇವಳು. ಆಗಲ್ಲ. ಸಭೆಯ ಕರೆ ಸೆಕ್ರೆಟರಿಯ ಕೈಯಕ್ಷರದಲ್ಲೇ ಹೋಗಬೇಕು. ನಿಯಮ ಒಂಬತ್ತು.

ಈ ವಾರ ಉಸಿರಾಡಲು ಪುರುಸೊತ್ತಿಲ್ಲ. ಶನಿವಾರ ಸಂಜೆ ವಾರ್ಷಿಕ ಸಭೆ. ಹಾಲ್ ತೊಳೆಸಬೇಕು. ಸಭೆಯಲ್ಲಿ ಸೊಂಟಕ್ಕೆ ಕಟ್ಟುವ ಏಪ್ರನ್‌ಗಳು ಇಸ್ತ್ರಿಗೆ. ಎರಡು ಕುರ್ಚಿಯ ಕಾಲು ರಿಪೇರಿ. ವರದಿ. ಗೋಡೆ ಗಡಿಯಾರಕ್ಕೆ ಕೀ— ಎಷ್ಟು ಕೊಟ್ಟರೂ ಬುಧವಾರಕ್ಕೆ ನಿಲ್ಲುತ್ತದೆ, ಹಾಳಾದ್ದು. ಆಮೇಲೆ ಮತದಾನ. ಡ್ರಾಯಿಂಗ್ ಮೇಷ್ಟ್ರನ್ನು ಸದಸ್ಯನಾಗಿ ಸೇರಿಸಿಕೊಳ್ಳುವ ವಿಷಯ. ಹನ್ನೊಂದು ವರ್ಷದ ಮೇಲೆ ಎರಡನೇ ಸಲ. ಈ ಸಲವೂ ಸೂಚಿಸಿದವನು ನಾನೇ.

ಬೆಳಗ್ಗೆಯೇ ಎರಡು ಫೋನು, ಡಬಲ್ ರೂಮ್ ಇದೆಯಾ ಅಂತ. ಡೈರೆಕ್ಟರಿಯಲ್ಲಿ ಲಾಡ್ಜ್ ಅಂತ ಹಾಕಿಸಿದ ಪುಣ್ಯಾತ್ಮ ಯಾರೋ. ಅಣ್ಣತಮ್ಮಂದಿರ ಹಾಗೆ ಇರೋಣ ಅಂತ ಕಟ್ಟಿಕೊಂಡ ಕೂಟ ಇದು ಸ್ವಾಮಿ, ಇಲ್ಲಿ ಬಿಸಿನೀರು ಬರಲ್ಲ, ಅಂದೆ.

ಮಧ್ಯಾಹ್ನ, ೩

ಮತ್ತೆ ಫೋನು. ಹೆಂಗಸಿನ ದನಿ. "ಲಾಡ್ಜ್ ಸೆಕ್ರೆಟರಿನಾ?" "ರೂಮ್ ಇಲ್ಲಮ್ಮ" ಅಂದುಬಿಟ್ಟೆ. ರೂಮಿಗಲ್ಲ ಅಂದರು. ಆಮೇಲೆ— "ನಿನ್ನೆ ಸಂಜೆ ನನ್ನ ತಮ್ಮ ತೀರಿಕೊಂಡ. ನಿಮಗೆ ತಿಳಿಸೋದು ಪದ್ಧತಿ ಅಂತಿದ್ದ, ತಿಳಿಸಿದೆ."

ಟಿಕ್‌ಟಿಕ್. ಗಡಿಯಾರ ರಿಪೇರಿಯವನು. ನಾವೆಲ್ಲ ಹಾಗೇ ಕರೆಯುತ್ತಿದ್ದದ್ದು.

ಇವತ್ತು ಹಾಕಿದ ಹದಿಮೂರನೇ ಕಾಗದ ಅವನದೇ. ಡಬ್ಬದೊಳಗೆ ಇದೆ ಈಗ.

ನವೆಂಬರ್ ೧೨, ಮಂಗಳವಾರ

ಅಧ್ಯಕ್ಷರು ಫೋನ್ ಮಾಡಿದರು. ಹಲ್ಲಿನ ಡಾಕ್ಟರು, ಯಾರದೋ ಬಾಯಿ ತೆರೆಸಿಟ್ಟೇ ಮಾತಾಡುತ್ತಿದ್ದರು ಅನಿಸುತ್ತದೆ, ಹಿಂದೆ ಮೋಟರಿನ ಸದ್ದು. "ಪಾಪ, ಹೋದ. ಆದ್ರೆ ಒಂದು ಲೆಕ್ಕದಲ್ಲಿ ಒಳ್ಳೇದೇ ಆಯ್ತು ಬಿಡಿ. ಇನ್ನು ಮೇಷ್ಟ್ರಿಗೆ ಅಡ್ಡ ಬರೋರು ಯಾರೂ ಇಲ್ಲ." ಸಂತಾಪ ಸೂಚನೆ ನಾಲ್ಕು ಸಾಲು ಸಾಕಂತೆ.

ಮತದ ಪೆಟ್ಟಿಗೆ ಒರೆಸಿಟ್ಟೆ. ಮರದ ಗೋಲಿಗಳು, ಬಿಳಿ ಇಪ್ಪತ್ತು, ಕರಿ ಇಪ್ಪತ್ತು. ಒಬ್ಬೊಬ್ಬರಿಗೂ ಒಂದು ಬಿಳಿ, ಒಂದು ಕರಿ. ಪರದೆಯ ಹಿಂದೆ ಹೋಗಿ, ತನ್ನ ಮತದ ಗೋಲಿಯನ್ನು ಎಡದ ತೂತಿಗೆ ಹಾಕುವುದು, ಉಳಿದದ್ದನ್ನು ಬಲಕ್ಕೆ. ಎಡದ ಡ್ರಾಯರಿನಲ್ಲಿ ಒಂದೇ ಒಂದು ಕರಿ ಕಂಡರೂ ಬಂದವನಿಗೆ ಬಾಗಿಲಿಲ್ಲ. ಯಾರು ಯಾವುದು ಹಾಕಿದರೆಂದು ಕೇಳಬಾರದು, ಹೇಳಲೂಬಾರದು.

ಹನ್ನೊಂದು ವರ್ಷದ ಕೆಳಗೆ ಒಂದು ಕರಿ ಬಿತ್ತು. ಎಲ್ಲರೂ ತಿರುಗಿ ನೋಡಿದ್ದು ಟಿಕ್‌ಟಿಕ್‌ನ ಕಡೆ. ಅವನೂ ಮೇಷ್ಟ್ರೂ ಅಕ್ಕಪಕ್ಕದ ಮನೆ. ಮೇಷ್ಟ್ರು ಅವನ ಅಂಗಳದ ಕಡೆಗೆ ಗೋಡೆ ಒಡೆಸಿ ಕಿಟಕಿ ಇಡಿಸಿದ್ದನಲ್ಲ, ಆ ಜಗಳ ಊರಿಗೇ ಗೊತ್ತಿತ್ತು. ಅವನು ಎದ್ದುನಿಂತು "ನಾನು ಹಾಕಿಲ್ಲ" ಎಂದ. ಮುಷ್ಟಿ ಎತ್ತಿದ. ಅಧ್ಯಕ್ಷರು ಸುತ್ತಿಗೆ ಬಡಿದರು— ನಿಯಮ, ನಿಯಮ, ಹೇಳಬಾರದು! ಹೊರಟುಹೋದ. ಮತ್ತೆ ಬರಲೇ ಇಲ್ಲ.

ಸಭೆಯ ನಡಾವಳಿ ಪುಸ್ತಕ ತೆರೆದು ನೋಡಿದೆ ಇವತ್ತು. ನನ್ನದೇ ಅಕ್ಷರ. "ಒಬ್ಬ ಸದಸ್ಯರು ನಿಯಮ ಮೀರಿ ಮಾತನಾಡಿ, ಸಭೆಗೆ ಮುಷ್ಟಿ ತೋರಿಸಿ ಹೊರನಡೆದರು." ಕೆಳಗೆ, ಓದಿ ಒಪ್ಪಲಾಯಿತು.

ನಾಳೆ ಮಣ್ಣು. ಹೋಗಬೇಕು.

ನವೆಂಬರ್ ೧೪, ಗುರುವಾರ. ಬೆಳಗ್ಗೆ

ನಿನ್ನೆ ಬರೆಯಲಿಲ್ಲ. ಪೆನ್ನು ಹಿಡಿದೆ, ಇಟ್ಟೆ.

ಮಣ್ಣಿಗೆ ನಮ್ಮವರು ನಾಲ್ಕು ಜನ. ಮೇಷ್ಟ್ರು ಗೇಟಿನ ಹೊರಗೇ ನಿಂತಿದ್ದ. ನನ್ನನ್ನು ನೋಡಿ, "ಒಳಗೆ ಹೋಗ್ಲೋ ಬೇಡ್ವೋ?" ಎಂದ. ನಲವತ್ತು ವರ್ಷದ ಸ್ನೇಹಿತ, ನನ್ನ ಮಾತೆಂದರೆ ಅವನಿಗೆ ಮಾತು. "ನಿನ್ನಿಷ್ಟ" ಅಂದೆ. ಒಳಗೆ ಬರಲಿಲ್ಲ.

ಎಲ್ಲ ಮುಗಿದ ಮೇಲೆ ಟಿಕ್‌ಟಿಕ್‌ನ ಅಕ್ಕ ನನ್ನನ್ನು ಮನೆಗೆ ಕರೆದರು. ಎಪ್ಪತ್ತು ದಾಟಿದವರು, ಬೆನ್ನು ಇನ್ನೂ ನೆಟ್ಟಗೆ. ಮೇಜಿನ ಮೇಲೆ ಬಿಚ್ಚಿಟ್ಟ ವಾಚುಗಳು, ಒಂದೊಂದರ ಹೊಟ್ಟೆಯೂ ಒಂದೊಂದು ಬಟ್ಟಲಿನಲ್ಲಿ. ಒಂದು ಚೀಲ ಕೊಟ್ಟರು. ಒಳಗೆ ನಾನು ಕಳಿಸಿದ ಕಾಗದಗಳು, ಹನ್ನೊಂದು ವರ್ಷದ್ದೂ, ದಾರ ಕಟ್ಟಿ.

"ಕಾಗದ ಬಂದ ವಾರ, ಶನಿವಾರ ಸಂಜೆ ಶೇವ್ ಮಾಡ್ಕೊಂಡು, ಕೋಟ್ ಹಾಕ್ಕೊಂಡು ಕೂರ್ತಿದ್ದ. ಆರು ಗಂಟೆ ಆಗ್ತಿತ್ತು. ಏಳಾಗ್ತಿತ್ತು. ಕೋಟ್ ಬಿಚ್ಚಿಡ್ತಿದ್ದ."

ಕಾಗದದ ಕಟ್ಟನ್ನು ಚೀಲದಿಂದ ಹೊರಗೆ ತೆಗೆದೆ. 

ಕಾಗದಗಳ ಕೆಳಗೆ ಅವನ ಏಪ್ರನ್. ಅದರ ಮಡಿಕೆಯಿಂದ ಏನೋ ಜಾರಿ ನೆಲಕ್ಕೆ ಬಿದ್ದು ಉರುಳಿತು. ಅವರೇ ಬಗ್ಗಿ ತೆಗೆದು ನನ್ನ ಕೈಗಿಟ್ಟರು. ಕರಿ ಗೋಲಿ.

"ಅವತ್ತು ಬಿಳಿ ಹಾಕಿ, ಇದನ್ನ ಬಲಕ್ಕೆ ಹಾಕೋದು ಮರೆತು ಕೈಯಲ್ಲೇ ಹಿಡ್ಕೊಂಡು ಬಂದ್ನಂತೆ. ಎಲ್ಲಾ ತನ್ನನ್ನೇ ನೋಡಿದಾಗ, ಇಲ್ಲಿದೆ ನನ್ನ ಕರಿ ಅಂತ ತೋರಿಸೋಕೆ ಕೈ ಎತ್ತಿದ್ನಂತೆ. ಬಿಚ್ಚೋಕೆ ಬಿಡಲಿಲ್ವಂತೆ ನೀವು."

ಮುಷ್ಟಿ.

"ನಿಮ್ಮ ಪುಸ್ತಕದಲ್ಲಿ ಮುಷ್ಟಿ ತೋರಿಸಿದ ಅಂತ ಬರೆದಿದ್ದೀರಂತೆ. ಅದನ್ನ ಹೊಡೆದುಹಾಕಿ. ಹೂವಿನ ಹಾರ, ಸಂತಾಪ, ಯಾವುದೂ ಬೇಡ ನಮಗೆ. ಆ ಒಂದು ಸಾಲು ಹೊಡೆದುಹಾಕಿ ಸಾಕು."

ಆಗಲಿ ಎಂದೆ. ಗೋಲಿ ಜೇಬಿಗೆ ಹಾಕಿಕೊಂಡು ಬಂದೆ.

ಸಂಜೆ, ೫

ಗೋಲಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟಿದ್ದೇನೆ. ಎಳೆದಾಗೆಲ್ಲ ಉರುಳುತ್ತದೆ. ಸ್ಟೇಪ್ಲರ್ ಬೇಕೆಂದರೂ ಉರುಳುತ್ತದೆ. ರಬ್ಬರ್ ಸ್ಟಾಂಪ್ ಬೇಕೆಂದರೂ. ಚಿಂದಿ ಬಟ್ಟೆಯಲ್ಲಿ ಸುತ್ತಿದೆ, ಅದರಿಂದಲೂ ಬಿಡಿಸಿಕೊಂಡಿದೆ. "ಏನ್ರೀ ಅದು, ಇಲಿನಾ?" ಅಂದಳು ಇವಳು ಅಡುಗೆಮನೆಯಿಂದ.

ಹನ್ನೊಂದು ವರ್ಷದ ಕೆಳಗೆ ಪೆಟ್ಟಿಗೆ ಕಟ್ಟುವಾಗ ಕರಿ ಹತ್ತೊಂಬತ್ತೇ ಇದ್ದವು. ಬೀರುವಿನ ಕೆಳಗೆ ಹೋಗಿರಬೇಕು ಅಂದುಕೊಂಡು ಬಡಗಿಯ ಹತ್ತಿರ ಹೊಸದೊಂದು ಮಾಡಿಸಿದೆ. ಯಾರಿಗೂ ಹೇಳಲಿಲ್ಲ. ಬಲದ ಡ್ರಾಯರಿನಲ್ಲಿ ಒಂದು ಬಿಳಿ ಇತ್ತು, ಅದನ್ನೂ ಹೇಳಲಿಲ್ಲ. ಬಲದ ಡ್ರಾಯರ್ ತೆರೆಯುವವನು ಸೆಕ್ರೆಟರಿ ಒಬ್ಬನೇ.

ಆ ಬಿಳಿ ನನ್ನದು. ಎಡದಲ್ಲಿ ಬಿದ್ದ ಕರಿಯೂ ನನ್ನದು.

ಬರೆದುಬಿಟ್ಟೆ. ಇಷ್ಟು ವರ್ಷ ಈ ಡೈರಿಗೂ ಸುಳ್ಳೇ ಹೇಳಿದ್ದೇನೆ. ಆವತ್ತಿನ ಪುಟದಲ್ಲಿ ಹೀಗಿದೆ— "ಕಣ್ಣಿಗೆ ಪೊರೆ, ಪರದೆಯ ಹಿಂದೆ ಕತ್ತಲು, ಎಡ ಬಲ ಅದಲುಬದಲಾಯಿತು." ಪೊರೆ ಬಂದದ್ದು ಅದಾಗಿ ಮೂರು ವರ್ಷಕ್ಕೆ.

ಮತಕ್ಕೆ ಐದು ನಿಮಿಷ ಮುಂಚೆ ಮೇಷ್ಟ್ರ ಅರ್ಜಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಅಕ್ಷರ ಹೊಗಳಿದರು. ಮುತ್ತು ಪೋಣಿಸಿದ ಹಾಗಿದೆಯಪ್ಪ! ಅಧ್ಯಕ್ಷರು ನಗುತ್ತ, "ಇವರು ಒಳಗೆ ಬರಲಿ, ನಡಾವಳಿ ಪುಸ್ತಕ ಇವರ ಕೈಗೆ ಕೊಡೋಣ. ನಮ್ಮ ಸೆಕ್ರೆಟರಿಯ ಕೋಳಿಕಾಲು ಓದಿ ಓದಿ ಸಾಕಾಯ್ತು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ.

ಆಮೇಲೆ ಪರದೆಯ ಹಿಂದೆ ಹೋದೆ.

ಅಷ್ಟೇ ಕಾರಣ. ಇನ್ನೇನೋ ದೊಡ್ಡದು ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತ, ಮನೆಯಲ್ಲಿ ನನ್ನ ಮಾತು ನಡೆಯಲ್ಲ. ಆ ಪುಸ್ತಕ ಒಂದೇ ನನ್ನದು ಅಂತ ಇತ್ತು.

ನವೆಂಬರ್ ೧೫, ಶುಕ್ರವಾರ

ಏಪ್ರನ್ ಬಂದವು. ಒಂದಕ್ಕೆ ಇಸ್ತ್ರಿ ಸುಟ್ಟ ಗುರುತು, ಖಜಾಂಚಿಯದು, ಅವನಿಗೆ ಗೊತ್ತಾಗಲ್ಲ. ಕುರ್ಚಿ ರೆಡಿ. ಹಾಲ್ ತೊಳೆದಾಯಿತು. ಗೋಡೆ ಗಡಿಯಾರ ಬುಧವಾರ ನಿಲ್ಲಲಿಲ್ಲ. ಇವತ್ತೂ ನಡೆಯುತ್ತಿದೆ. ನಾನು ಕೀ ಕೊಟ್ಟಿಲ್ಲ— ಮರೆತಿದ್ದೆ. ಕೊಟ್ಟಿದ್ದೆನೇನೋ. ಹಾಲಿನಲ್ಲಿ ಒಬ್ಬನೇ ಇರಲು ಆಗಲಿಲ್ಲ, ಕೆಲಸದವಳ ಜೊತೆಗೇ ಹೊರಬಿದ್ದು ಬೀಗ ಹಾಕಿ ಬಂದೆ.

ನಿರ್ಧಾರ ಮಾಡಿದ್ದೇನೆ. ನಾಳೆ ಸಂತಾಪ ಓದುವಾಗಲೇ ಹೇಳುವುದು. ಗೋಲಿ ತೋರಿಸಿ, ಇದು ಅವನದು, ಬಿದ್ದದ್ದು ನನ್ನದು. ಎರಡು ವಾಕ್ಯ. ಕನ್ನಡಿ ಮುಂದೆ ಎರಡು ಸಲ ಹೇಳಿ ನೋಡಿದೆ. ಮೂರನೇ ಸಲಕ್ಕೆ ಇವಳು ಬಂದಳು. "ಸಭೆಯಲ್ಲಿ ನೀವು ಯಾವತ್ತು ಬಾಯಿ ಬಿಟ್ಟಿದ್ದೀರಿ, ಪ್ರಾಕ್ಟೀಸ್ ಮಾಡ್ತಿದ್ದೀರಲ್ಲ?" ಅಂದಳು.

ಮಧ್ಯಾಹ್ನದ ಟಪಾಲಿನಲ್ಲಿ ಹದಿಮೂರನೇ ಕಾಗದ ವಾಪಸ್ ಬಂತು. ಮೇಲೆ ಅಂಚೆಯವನ ಕೈಬರಹ— "ವಿಳಾಸದಾರರು ಇಲ್ಲ."

ನವೆಂಬರ್ ೧೬, ಶನಿವಾರ. ಸಂಜೆ, ೪

ಕೋಟ್ ಹಾಕಿಕೊಂಡಾಯಿತು. ಎಡ ಜೇಬಿನಲ್ಲಿ ಗೋಲಿ. ಸಭೆ ಆರಕ್ಕೆ. ಶೇವ್ ಮಾಡಿಕೊಂಡು ಕೂತಿದ್ದೇನೆ… ಅವನ ಹಾಗೇ. ಹೋಗುತ್ತೇನೆ. ಇವತ್ತು ಹೇಳದಿದ್ದರೆ ನಾನು ಮನುಷ್ಯನೇ ಅಲ್ಲ.

ನವೆಂಬರ್ ೧೭, ಭಾನುವಾರ. ಬೆಳಗ್ಗೆ, ೯

ಹೇಳಲಿಲ್ಲ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಾನೂ ಸೇರಿ ಹನ್ನೆರಡೂ ಜನ ಇದ್ದೆವು. ಸಂತಾಪಕ್ಕೆ ಎದ್ದುನಿಂತೆ. ನಾಲ್ಕು ಸಾಲು ಓದಿದೆ. ಬಾಯಿ ಇನ್ನೂ ತೆರೆದೇ ಇತ್ತು, ಐದನೇ ಸಾಲಿಗೆ. ಅಧ್ಯಕ್ಷರು ವಾಚು ನೋಡಿ, "ಆಯ್ತಲ್ಲ? ಎರಡು ನಿಮಿಷ ಮೌನ" ಎಂದರು. ಗೋಡೆ ಗಡಿಯಾರ ಒಂದೇ ಮಾತಾಡುತ್ತಿತ್ತು. ಕೂತುಬಿಟ್ಟೆ.

ಮತ. ಸೆಕ್ರೆಟರಿಯ ಸರದಿ ಕೊನೆಗೆ. ಪರದೆಯ ಹಿಂದೆ ನನ್ನ ಕೈಯಲ್ಲಿ ಮೂರು ಗೋಲಿ. ನನ್ನ ಬಿಳಿ, ನನ್ನ ಕರಿ, ಅವನ ಕರಿ. ಅವನದು ಮುಟ್ಟಿದರೆ ತಿಳಿಯುತ್ತದೆ. ಹನ್ನೊಂದು ವರ್ಷ ಕೈಯಾಡಿಸಿ ಕೈಯಾಡಿಸಿ ನುಣ್ಣಗಾಗಿದೆ.

ಆಗ ಹೊಳೆಯಿತು. ಅವನು ಸತ್ತಿದ್ದಾನೆ. ಈಗಲೂ ಒಂದು ಕರಿ ಬಿದ್ದರೆ, ಅವತ್ತು ಹಾಕಿದವನೂ ಅವನಲ್ಲ ಎಂದಾಗುತ್ತದೆ. ಯಾರೂ ಏನೂ ಹೇಳಬೇಕಾಗಿಲ್ಲ. ನಾನು ಬಾಯಿ ಬಿಡಬೇಕಾಗಿಲ್ಲ.

ಅವನ ಗೋಲಿಯನ್ನು ಎಡಕ್ಕೆ ಹಾಕಿದೆ. ನನ್ನವೆರಡನ್ನೂ ಬಲಕ್ಕೆ.

ಅಧ್ಯಕ್ಷರು ಎಡದ ಡ್ರಾಯರ್ ಎಳೆದರು. ಹನ್ನೊಂದು ಬಿಳಿಯ ನಡುವೆ ಅದು ಉರುಳಿಕೊಂಡು ಮುಂದೆ ಬಂತು.  ಎಲ್ಲರ ಕಣ್ಣೂ ಟಿಕ್‌ಟಿಕ್‌ನ ಖಾಲಿ ಕುರ್ಚಿಯ ಕಡೆ ಹೋಯಿತು, ಅಭ್ಯಾಸಬಲ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದರು. "ಹಾಗಾದ್ರೆ… ಅವನಲ್ಲ" ಅಂದರು ಅಧ್ಯಕ್ಷರು. ಅವರ ದನಿ ಅಷ್ಟು ಸಣ್ಣಗಾದದ್ದು ನಾನು ಕೇಳಿಲ್ಲ.

ಆ ಸಾಲು ಹೊಡೆದುಹಾಕಬೇಕೆಂದು ಖಜಾಂಚಿಯೇ ಸೂಚಿಸಿದ. ಸರ್ವಾನುಮತ. ನನ್ನ ಪೆನ್ನಿನಿಂದಲೇ ಹೊಡೆದೆ. ಪೆಟ್ಟಿಗೆ ಕಟ್ಟುವಾಗ ಅವನ ಗೋಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಅಕ್ಕನಿಗೆ ಫೋನ್ ಮಾಡಿದೆ. ಅತ್ತರು. "ನಿಮ್ಮ ಹೊಟ್ಟೆ ತಣ್ಣಗಿರಲಿ" ಅಂದರು. ನನಗೆ.

ಮೇಷ್ಟ್ರಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಅಧ್ಯಕ್ಷರೇ ಹೇಳಿದರಂತೆ.

ಅದೇ ದಿನ, ೧೧

ಮೇಷ್ಟ್ರು ಬಂದಿದ್ದಾನೆ. ಹೊರಗಿನ ಕೋಣೆಯಲ್ಲಿದ್ದಾನೆ. ಇವಳು ಕೊಟ್ಟ ಟೀ ಮುಟ್ಟಿಲ್ಲ. ಸಿಟ್ಟಾಗಿದ್ದಾನೆ ಅಂದುಕೊಂಡಿದ್ದೆ. ಇಲ್ಲ.

"ಸೇರಿಸ್ಕೊಳ್ಳದಿದ್ರೆ ಅತ್ಲಾಗಿರಲಿ, ನನಗೀಗ ಅದು ಬೇಡ. ಅವನಲ್ಲ ಅಂದ್ರಲ್ಲೋ. ಹನ್ನೊಂದು ವರ್ಷ ಕಣೋ! ಅವನು ಅಂಗಳದಲ್ಲಿ ಕೆಮ್ಮಿದ್ರೆ ನಾನು ಕಿಟಕಿ ಮುಚ್ತಿದ್ದೆ. ಅವನಿಗೆ ಕೇಳೋ ಹಾಗೆ ದಡಾರ್ ಅಂತ ಮುಚ್ತಿದ್ದೆ. ಹೋದ ಭಾನುವಾರ ಸಂಜೆ ತುಂಬಾ ಕೆಮ್ತಿದ್ದ. ಅಕ್ಕ ಮನೇಲಿರಲಿಲ್ಲ. ಯಾರನ್ನೋ ಕರೆದ ಹಾಗೂ ಕೇಳಿಸ್ತು." ಕೈಯಲ್ಲೇ ಕಿಟಕಿ ಎಳೆದು ತೋರಿಸಿದ. "ಮುಚ್ಚಿದೆ."

ಅವನ ಮುಂದಿದ್ದ ಟೀ ಲೋಟ ಪಕ್ಕಕ್ಕೆ ಸರಿಸಿದೆ. 

ಒಂದು ಹಾಳೆ ಕೇಳಿದ. ಕೊಟ್ಟೆ. ಯಾರು ಅಂತ ಕಂಡುಹಿಡಿದೇ ತೀರುತ್ತಾನಂತೆ. ಹನ್ನೆರಡು ಹೆಸರೂ ಬರೆಯುತ್ತಿದ್ದಾನೆ. ಅಕ್ಷರ ಇನ್ನೂ ಹಾಗೇ ಇದೆ, ಮುತ್ತು. ಮೊದಲು ನನ್ನ ಹೆಸರು ಬರೆದ. ಬರೆದು, ಅದರ ಮೇಲೆ ನೀಟಾಗಿ ಒಂದು ಗೆರೆ ಎಳೆದ. "ನೀನೊಬ್ಬನನ್ನ ಬಿಟ್ಟು. ಉಳಿದೋರ ಬಗ್ಗೆ ನಿನಗೆ ಗೊತ್ತಿರೋದು ಹೇಳು, ಕೂತ್ಕೋ" ಎಂದ.

ಕನ್ನಡಕ ತರುತ್ತೇನೆ ಅಂತ ಹೇಳಿ ಒಳಗೆ ಬಂದಿದ್ದೇನೆ. ನಿಂತೇ ಬರೆಯುತ್ತಿದ್ದೇನೆ. ಡ್ರಾಯರ್ ಎಳೆದೆ, ಉರುಳಿ ಬಂತು. ಕೈಯಲ್ಲಿದೆ.

"ಸಿಕ್ತೇನೋ ಕನ್ನಡಕ?" ಅಂತ ಕೂಗುತ್ತಿದ್ದಾನೆ.

ಕನ್ನಡಕ ಮೂಗಿನ ಮೇಲೇ ಇದೆ. ಇದರಿಂದಲೇ ಶುರು ಮಾಡುತ್ತೇನೆ. ಕಣ್ಣು ಚೆನ್ನಾಗೇ ಇತ್ತು ಕಣೋ, ಅವತ್ತೂ ಚೆನ್ನಾಗೇ ಇತ್ತು, ಎಡ ಯಾವುದು ಬಲ ಯಾವುದು ಅಂತ ನನಗೆ—