ಮಹಡಿ ಕೋಣೆಯ ಸಿನಿಮಾ

ಅಣ್ಣನಿಗೆ ನಮಸ್ಕಾರ.

ಇವತ್ತು ನನ್ನ ಉಪವಾಸ. ಕಸ ಗುಡಿಸಿ, ಬಟ್ಟೆ ಒಗೆದು ಹರವಿ, ದೇವರಿಗೆ ದೀಪ ಹಚ್ಚಿ ಈಗ ಬರೆಯಲು ಕೂತಿದ್ದೇನೆ.

ನೀನು ಗುಮಾಸ್ತನ ಕೈಲಿ ಕಳಿಸಿದ ಕಾಗದ ಓದಿದೆ. ನನ್ನ ಮಗಳು ನನಗೆ ಗೊತ್ತಿಲ್ಲದ ಹಾಗೆ ನನ್ನನ್ನು ಸಿನಿಮಾ ತೆಗೆದಳು ಎಂದು ನಾನು ಸಹಿ ಹಾಕಬೇಕು, ಅದನ್ನು ತೋರಿಸಿ ನೀನು ಪೊಲೀಸರಿಂದ ಅವಳ ಕ್ಯಾಮೆರಾ ಕಿತ್ತುಕೊಳ್ಳಿಸಬೇಕು, ಇದು ನಿನ್ನ ಇಷ್ಟ. ನಾನು ಹಾಕುವುದಿಲ್ಲ. ಉಪವಾಸವೆಂದು ಹೀಗೆ ಹೇಳುತ್ತಿಲ್ಲ, ಉಂಡ ದಿನವೂ ಹಾಕುವುದಿಲ್ಲ. ದೇವರ ಮುಂದೆ ಕೂತಾಗ ತೆಗಿ ಎಂದವಳು ನಾನೇ.

ಅವಳೂ ಅವಳ ಗೆಳೆಯರೂ ಹೊರಗಿನ ಯಾರ ಅಪ್ಪಣೆಯನ್ನೂ ಕೇಳದೆ, ಒಪ್ಪಿದ ತಮ್ಮ ತಮ್ಮ ಮನೆಯವರನ್ನೇ ಸಿನಿಮಾ ತೆಗೆದು ನಮ್ಮ ಮಹಡಿ ಕೋಣೆಯ ಗೋಡೆಯ ಮೇಲೆ ತೋರಿಸುತ್ತಾರೆ. ಮೊದಲು ಚಾಪೆ ಖಾಲಿ ಉಳಿಯುತ್ತಿತ್ತು. ಈಗ ಜನ ಮೆಟ್ಟಿಲ ಮೇಲೂ ಕೂರುತ್ತಾರೆ, ಬೇರೆ ಬೀದಿಗಳಲ್ಲೂ ಶುರುವಾಗಿದೆ.

“ನಿಮ್ಮಮ್ಮ ಕಣ್ಣು ಮುಚ್ಕೊಂಡು ಕೂತಿದಾಳೆ, ಹಾಡಿಲ್ಲ, ಕುಣಿತ ಇಲ್ಲ, ಇದೂ ಒಂದು ಸಿನಿಮಾನಾ?” ಎಂದು ಅವಳನ್ನು ಕೇಳಿದೆಯಂತೆ. ಇಷ್ಟು ವರ್ಷ ದೇವರ ಮುಖ ನೋಡಿದ್ದೆ, ಬೇಡುವಾಗಿನ ನನ್ನ ಮುಖ ನೋಡಿರಲಿಲ್ಲ. ಗೋಡೆಯ ಮೇಲೆ ಭಕ್ತಿ ಕಾಣುತ್ತದೆ ಅಂದುಕೊಂಡಿದ್ದೆ, ಕಂಡದ್ದು ಹೆದರಿಕೆ. ನಿನ್ನೆದುರು ನಿಂತಾಗಲೂ ಅದೇ ಮುಖವಿರಬೇಕು ಅಣ್ಣ. ಹೆದರದೆ ಬೇಡುವುದನ್ನು ಈಗ ಕಲಿಯುತ್ತಿದ್ದೇನೆ.

ನಿನ್ನ ಕಾಗದ ಸಹಿಯಿಲ್ಲದೆ ಇಲ್ಲೇ ಇದೆ. ಅದೇ ನನ್ನ ಉತ್ತರ. ಒಯ್ಯಲು ಗುಮಾಸ್ತನನ್ನು ಕಳಿಸಬೇಡ, ಶನಿವಾರ ಸಂಜೆ ಅತ್ತಿಗೆಯನ್ನು ಕಳಿಸು. ಗೋಡೆಯ ಎದುರಿಗೇ ಅವರಿಗೊಂದು ಜಾಗ ಹಿಡಿದಿರುತ್ತೇನೆ.

ನಿನ್ನ ತಂಗಿ